ರಿವೆಟ್ಟೋ ಬೋಲ್ಟೋ: ಕೈಯಾರೆ ಕಟ್ಟಿದ ಕಾರಿಗೆ ಹೊದಿಕೆ

ಅರಸೀಕೆರೆಯ ಶಿವಾಲಯದ ಮುಂದೆ ನಕ್ಷತ್ರಾಕಾರದ ಮಂಟಪವಿದೆ. ಅದು ತೆರೆದ ಮಂಟಪ. ಕಂಬಗಳು ಚಾವಣಿಯನ್ನು ಹೊತ್ತು ನಿಂತಿರುವುದು ಹೊರಗಿನಿಂದಲೇ ಕಾಣುತ್ತದೆ. ಬೇಲೂರಿನಲ್ಲಿ ಹಾಗಲ್ಲ, ಚೆನ್ನಕೇಶವ ಗುಡಿಯ ನವರಂಗದ ಹೊರಗಂಬಗಳ ನಡುವೆ ಜಾಲಂಧ್ರಗಳಿವೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದಾಗ ಆ ಮಂಟಪವೂ ತೆರೆದೇ ಇತ್ತು. ಜಾಲಂಧ್ರಗಳನ್ನು ಕೂರಿಸಿದ್ದು ಆಮೇಲೆ, ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಭಾರ ಹೊರುವುದು ಕಂಬ, ಮರೆ ಮಾಡುವುದು ಜಾಲಂಧ್ರ.

ಕೈಯಾರೆ ಕಟ್ಟುವ ಕಾರಿನ ಲೆಕ್ಕವೂ ಇದೇ. ಕಬ್ಬಿಣದ ಪೈಪುಗಳನ್ನು ಬೆಸೆದು ಮಾಡಿದ ಚೌಕಟ್ಟು ಎಂಜಿನ್ನನ್ನೂ ಚಾಲಕನನ್ನೂ ಹೊರುತ್ತದೆ. ಮೇಲಿನ ತಗಡೋ ಫೈಬರ್ರೋ ಗಾಳಿ, ಕೆಸರು, ಕಲ್ಲುಗಳನ್ನು ತಡೆಯುತ್ತದೆ, ಅಷ್ಟೆ. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ವಿದ್ಯುತ್ ಕಾರನ್ನು ಹೀಗೆಯೇ ಕಟ್ಟಿದ್ದರು: ಒಳಗೆ ಉಕ್ಕಿನ ಚೌಕಟ್ಟು, ಹೊರಗೆ ಎಬಿಎಸ್ ಪ್ಲಾಸ್ಟಿಕ್ಕಿನ ಹೊದಿಕೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಾಹಾ ಸ್ಪರ್ಧೆಗೆ ಕಟ್ಟುವ ಬಗ್ಗಿಗಳೂ ಇದೇ ಜಾತಿಯವು. (ಇಂಥ ವಾಹನ ಮೈದಾನಕ್ಕೆ, ತೋಟಕ್ಕೆ ಸರಿ. ರಸ್ತೆಗಿಳಿಸಲು ಅಧಿಕೃತ ಪರೀಕ್ಷಾ ಸಂಸ್ಥೆಯ ಮಂಜೂರಾತಿ, ನೋಂದಣಿ ಎರಡೂ ಬೇಕು.)

ಹೊದಿಕೆ ಭಾರ ಹೊರುವುದಿಲ್ಲವೆಂದು ಅದನ್ನು ಹೇಗೋ ಕಟ್ಟಿದರೆ ನಡೆಯದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 30 ಕಿಲೋ ಭಾರದಷ್ಟಿರುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ಬಾನೆಟ್ಟಿನ ಮುಂದಿನ ಅಂಚು ಸಡಿಲವಿದ್ದರೆ ಗಾಳಿ ಅದರಡಿ ನುಗ್ಗಿ ಎತ್ತಿ ಚಾಲಕನ ಮುಖಕ್ಕೆ ಬಡಿಯಬಹುದು. ಬಾಹಾ ನಿಯಮಗಳು ಜಿಪ್ ಟೈ, ವೆಲ್ಕ್ರೋಗಳಿಂದ ಹೊದಿಕೆ ಕಟ್ಟುವುದನ್ನು ಒಪ್ಪದಿರುವುದು ಇದಕ್ಕೇ.

ಅಂಗಡಿಗೆ ಹೋಗುವ ಮುಂಚೆ ಪ್ರತಿ ಹಾಳೆಯನ್ನೂ ನೋಡಿ ಕೇಳಿಕೊಳ್ಳಬೇಕಾದ್ದು ಒಂದೇ: ಇದನ್ನು ಎಷ್ಟು ಸಲ ಬಿಚ್ಚಬೇಕಾದೀತು?

ಬಿಚ್ಚುವ ಪ್ರಮೇಯವೇ ಇಲ್ಲದ ನೆಲದ ತಗಡಿಗೆ ಪಾಪ್ ರಿವೆಟ್ ಸಾಕು. ಅಗ್ಗ, ಹಗುರ, ಒಂದೇ ಕಡೆಯಿಂದ ಹೊಡೆಯಬಹುದು, ಅದುರಿದರೂ ಸಡಿಲವಾಗುವುದು ಕಡಿಮೆ. 4.8 ಮಿ.ಮೀ. ರಿವೆಟ್ಟಿಗೆ 4.9 ಮಿ.ಮೀ. ತೂತು ಕೊರೆಯಿರಿ, 5ಕ್ಕಿಂತ ದೊಡ್ಡದಾದರೆ ಹಿಡಿತ ಹೋಗುತ್ತದೆ. ತೂತಿನ ನಡುವಿನಿಂದ ತಗಡಿನ ಅಂಚಿಗೆ ರಿವೆಟ್ಟಿನ ವ್ಯಾಸದ ಎರಡು ಪಟ್ಟಾದರೂ ಜಾಗವಿರಲಿ, ಇಲ್ಲವಾದರೆ ಅಂಚು ಹರಿದುಹೋಗುತ್ತದೆ. ಫೈಬರ್ ಹಾಳೆಗೆ ಮಾತ್ರ ರಿವೆಟ್ಟನ್ನು ನೇರವಾಗಿ ಹೊಡೆಯಬೇಡಿ. ಹಿಂದೆ ಅದು ಉಬ್ಬಿಕೊಳ್ಳುವಾಗ ಫೈಬರ್ ಸೀಳುತ್ತದೆ. ಹಿಂಬದಿಗೆ ಅಗಲವಾದ ವಾಷರ್ ಕೊಡಿ.

ವರ್ಷಕ್ಕೆ ನಾಲ್ಕಾರು ಸಲ ಬಿಚ್ಚುವ ಪಕ್ಕದ ಹಾಳೆಗಳಿಗೆ ಬೋಲ್ಟೇ ಸರಿ. ಇಲ್ಲಿ ಅನೇಕರು ತಗಡು ಕೊರೆಯುವ ಸ್ಕ್ರೂಗಳ ಮೊರೆಹೋಗುತ್ತಾರೆ. ಒಂದು ಮಿ.ಮೀ. ತಗಡಿನಲ್ಲಿ ಅದರ ಒಂದೆರಡು ಎಳೆಯಷ್ಟೇ ಕಚ್ಚಿಕೊಳ್ಳುವುದು. ನಾಲ್ಕು ಸಲ ಬಿಚ್ಚಿ ಹಾಕಿದರೆ ತೂತು ಸವೆದುಬಿಡುತ್ತದೆ. ಅದಕ್ಕಿಂತ ಚೌಕಟ್ಟಿಗೆ ಬೆಸೆದ ಸಣ್ಣ ಪಟ್ಟಿಯಲ್ಲಿ ರಿವ್‌ನಟ್ ಕೂರಿಸಿ ಎಂ6 ಬೋಲ್ಟ್ ಹಾಕುವುದು ಎಷ್ಟೋ ಮೇಲು. ತೆಳು ತಗಡಿನಲ್ಲಿ ಉಬ್ಬಿ ಕೂತು ನಟ್ಟಿನ ಕೆಲಸ ಮಾಡುವ ಈ ಸಾಧನವನ್ನು 1930ರ ದಶಕದಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿ ರೂಪಿಸಿದ್ದು, ವಿಮಾನದ ರೆಕ್ಕೆಗೆ ಹಿಮ ನಿವಾರಿಸುವ ರಬ್ಬರ್ ಹೊದಿಕೆ ಕೂರಿಸಲು. ಪಟ್ಟಿ ಬೆಸೆಯಿರಿ ಎಂದೆ, ಪೈಪನ್ನು ಕೊರೆಯಿರಿ ಎನ್ನಲಿಲ್ಲ. ಉರುಳಿದಾಗ ಜೀವ ಉಳಿಸುವ ಪೈಪಿನಲ್ಲಿ ಒಂದು ತೂತೂ ಬೇಡ.

ಪ್ರತಿ ಓಟಕ್ಕೂ ತೆಗೆಯುವ ಬಾನೆಟ್ಟಿಗೆ ಡ್ಝೂಸ್ ತಿರುಪು ಇದೆ. ಉಕ್ರೇನಿನಿಂದ ಅಮೆರಿಕಕ್ಕೆ ವಲಸೆ ಹೋದ ವಿಲಿಯಂ ಡ್ಝೂಸ್ ಅದನ್ನು 1930ರ ದಶಕದಲ್ಲಿ ಮಾರುಕಟ್ಟೆಗೆ ತಂದರು. ತಲೆಯನ್ನು ಕಾಲು ಸುತ್ತು ತಿರುಗಿಸಿದರೆ ಅದರ ಓರೆಗಂಡಿ ಸ್ಪ್ರಿಂಗ್ ತಂತಿಯನ್ನು ಹಿಡಿದು ಬಿಗಿಯುತ್ತದೆ. ಬೆಲೆ ಹೆಚ್ಚು, ಕೂರಿಸುವಾಗ ಅಳತೆಯೂ ನಾಜೂಕು. ಬಾನೆಟ್ಟಿಗೆ ಮಾತ್ರ ಈ ಖರ್ಚು ಮಾಡಿ.

ಬೋಲ್ಟಿನಡಿ ಸ್ಪ್ರಿಂಗ್ ವಾಷರ್ ಹಾಕಿದರೆ ಸಡಿಲವಾಗದೆಂಬ ನಂಬಿಕೆ ಗ್ಯಾರೇಜುಗಳಲ್ಲಿ ಬಲವಾಗಿದೆ. ಅದನ್ನು ಬಿಡಬೇಕು. ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲೇ ತೋರಿಸಿದಂತೆ, ಬೋಲ್ಟನ್ನು ಬಿಚ್ಚಿಸುವುದು ಮುಖ್ಯವಾಗಿ ಅಡ್ಡಡ್ಡವಾಗಿ ಜಾರಿಸುವ ಅದುರು. ಅಂಥ ಅದುರಿಗೆ ಸ್ಪ್ರಿಂಗ್ ವಾಷರ್ ತಡೆಯಾಗುವುದಿಲ್ಲ. ನೈಲಾಕ್ ನಟ್ ಹಾಕಿ. ಅದರ ನೈಲಾನ್ ಬಳೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗುವುದರಿಂದ, ಸೈಲೆನ್ಸರ್ ಹತ್ತಿರ ಪೂರ್ತಿ ಲೋಹದ ಲಾಕ್ ನಟ್ಟೇ ಆಗಬೇಕು.

ಬಿಸಿಲನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದು ಮೀಟರ್ ಉದ್ದದ ಎಬಿಎಸ್ ಹಾಳೆ 30 ಡಿಗ್ರಿ ಬಿಸಿಯೇರಿದರೆ ಎರಡು ಮಿ.ಮೀ.ಗೂ ಹೆಚ್ಚು ಹಿಗ್ಗುತ್ತದೆ. ಕೆಳಗಿನ ಉಕ್ಕು ಹಿಗ್ಗುವುದು ಅರ್ಧ ಮಿ.ಮೀ.ಗೂ ಕಡಿಮೆ. ನಾಲ್ಕೂ ಮೂಲೆ ಬಿಗಿದರೆ ಅರಸೀಕೆರೆಯ ಏಪ್ರಿಲ್ ಬಿಸಿಲಿಗೆ ಹಾಳೆ ಡೊಂಕಾಗುತ್ತದೆ, ಇಲ್ಲವೇ ತೂತಿನಿಂದ ಬಿರುಕು ಬಿಡುತ್ತದೆ. ಒಂದು ತೂತು ಮಾತ್ರ ದುಂಡಗೆ, ಬಿಗಿಯಾಗಿರಲಿ. ಉಳಿದವನ್ನು ಹಿಗ್ಗುವ ದಿಕ್ಕಿಗೆ ಉದ್ದುದ್ದ ಮಾಡಿ ಅಗಲ ವಾಷರ್ ಹಾಕಿ, ಹಾಳೆ ಅದರಡಿ ಸರಿದಾಡಲು ಬಿಡಿ.

ಬೇಲೂರಿನತ್ತ ಮಳೆಯ ಕಾಟ ಬೇರೆ. ಅಲ್ಯೂಮಿನಿಯಂ, ಉಕ್ಕು ಎರಡರ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಸ್ಟೇನ್‌ಲೆಸ್ ಹಾಳೆಗೆ ಸಣ್ಣ ಅಲ್ಯೂಮಿನಿಯಂ ರಿವೆಟ್ ಹೊಡೆಯುವುದು ಎಲ್ಲಕ್ಕಿಂತ ಕೆಟ್ಟ ಜೋಡಿ, ರಿವೆಟ್ಟೇ ಬೇಗ ಕರಗುತ್ತದೆ. ಅಲ್ಯೂಮಿನಿಯಂ ಹಾಳೆಗೆ ಸತು ಲೇಪಿಸಿದ ಉಕ್ಕಿನ ಬೋಲ್ಟ್ ಹಾಕಿ, ನಡುವೆ ಪ್ರೈಮರ್ ಬಳಿದರೆ ಚೆನ್ನಾಗಿ ಬಾಳುತ್ತದೆ.

ಎಲ್ಲವನ್ನೂ ಬಿಗಿದ ಮೇಲೆ ಪ್ರತಿ ನಟ್ಟಿನಿಂದ ಬೋಲ್ಟಿನ ತುದಿಗೆ ಬಣ್ಣದ ಒಂದೊಂದು ಗೆರೆ ಎಳೆಯಿರಿ. ಮೊದಲ ಓಟ ಮುಗಿಸಿ ಬಂದಾಗ ಗೆರೆ ಮುರಿದ ಕಡೆ ಮತ್ತೆ ಬಿಗಿಯುವುದಷ್ಟೇ ಸಾಲದು, ಅಲ್ಲಿ ಹಾಳೆ ಯಾಕೆ ಜಾರುತ್ತಿದೆ ಎಂದು ಕೆಳಗೆ ಬಗ್ಗಿ ನೋಡಿ.