ಟವೆಲಿನ ಮರೆಯಿಂದ ಕ್ಲೌಡ್‌ವರೆಗೆ: ಮಾರುಕಟ್ಟೆಯ ಜನಪದ ಜ್ಞಾನ

ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಪದ್ಧತಿ ಜಾನಪದ ಅಧ್ಯಯನಕಾರರಿಗೆ ಸುಪರಿಚಿತ. ವ್ಯಾಪಾರವು ಹಣದ ವಿನಿಮಯವಷ್ಟೇ ಅಲ್ಲ. ಅದೊಂದು ಸಂಕೇತ ವ್ಯವಸ್ಥೆಯೂ ಹೌದು.

ಕೃಷಿ ಮಾರುಕಟ್ಟೆಗಳಲ್ಲಿ ಈ ವ್ಯವಸ್ಥೆಯು ಗಣಕಜಾಲಕ್ಕೆ ಸ್ಥಳಾಂತರಗೊಂಡಿದೆ. ಕರ್ನಾಟಕದಲ್ಲಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯೂ ದೇಶಮಟ್ಟದಲ್ಲಿ 2016ರಲ್ಲಿ ಇ-ನಾಮ್ ವ್ಯವಸ್ಥೆಯೂ ಆರಂಭಗೊಂಡವು. ಇ-ಟೆಂಡರಿನಲ್ಲಿ ವರ್ತಕರು ಪರಸ್ಪರರಿಗೆ ಕಾಣದಂತೆ ದರ ನಮೂದಿಸುತ್ತಾರೆ. ಬಳಿಕ ಗರಿಷ್ಠ ದರ ಪ್ರಕಟವಾಗುತ್ತದೆ. ಗುಟ್ಟು ಉಳಿದಿದೆ, ಆದರೆ ಕೊನೆಯ ಬೆಲೆ ರೈತನಿಗೆ ಮರೆಯಾಗಿ ಉಳಿಯುವುದಿಲ್ಲ. ಇಂತಹ ಲೆಕ್ಕಪತ್ರಗಳನ್ನು ಅಂತರ್ಜಾಲದ ಮೂಲಕ ದೂರದ ಗಣಕಕೇಂದ್ರಗಳಲ್ಲಿ ಇರಿಸಿ ಬಳಸುವುದನ್ನೇ ಕ್ಲೌಡ್ ಕಂಪ್ಯೂಟಿಂಗ್ ಎನ್ನುತ್ತಾರೆ.

ಗುಣಮಟ್ಟದ ನಿರ್ಣಯ ಇಷ್ಟು ಸರಳವಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ‘ಡಬ್ಬಿ’, ‘ಕಡ್ಡಿ’ ಎಂಬ ಪ್ರಭೇದಗಳಿವೆ. ಬಣ್ಣವನ್ನು ಕಣ್ಣು, ಒಣಗಿದ ಹದವನ್ನು ಕೈ ತಿಳಿಯುತ್ತವೆ. ಕೃತಕ ಬುದ್ಧಿಮತ್ತೆಯಾದರೋ ತನಗೆ ತೋರಿಸಿದ ಮಾದರಿ ಚಿತ್ರಗಳಿಂದಷ್ಟೇ ಕಲಿಯುತ್ತದೆ. ಮಾದರಿಗಳಿಗೆ ಹೆಸರಿಡುವಲ್ಲಿ ಸ್ಥಳೀಯರಿಲ್ಲದಿದ್ದರೆ, ಬ್ಯಾಡಗಿಯ ಹೆಗ್ಗುರುತಾದ ಸುಕ್ಕನ್ನೇ ಯಂತ್ರವು ದೋಷವೆಂದು ಎಣಿಸೀತು. ಅದರ ನಷ್ಟ ಬೆಳೆಗಾರನದು.

ಆದ್ದರಿಂದ ರೈತರ, ಹಮಾಲರ, ಕಾಯಿ ಆರಿಸುವ ಮಹಿಳೆಯರ ಪದಸಂಪತ್ತನ್ನು ದಾಖಲಿಸುವುದು ಕೇವಲ ಸಂಗ್ರಹಕಾರ್ಯವಲ್ಲ. ನ್ಯಾಯವಾದ ಬೆಲೆಗೆ ಅದೂ ಒಂದು ಆಧಾರ.