ಅಂಗವೈಕಲ್ಯ ವಿಮಾ ಕ್ಲೇಮು ತಿರಸ್ಕೃತವಾದಾಗ: ವಕೀಲರ ನೆರವು ಎಲ್ಲಿ, ಯಾವಾಗ?

ಯಂತ್ರಕ್ಕೆ ಕೈ ಸಿಲುಕಿದ ನೌಕರನಿಗೆ ಕಾರ್ಮಿಕರ ರಾಜ್ಯ ವಿಮಾ ಯೋಜನೆಯ ರಕ್ಷಣೆ ಉಂಟು. ಅದೇ ಯಂತ್ರಕ್ಕೆ ಮಾಲೀಕನ ಕೈ ಸಿಲುಕಿದರೆ ಅವನೇ ಕೊಂಡ ವೈಯಕ್ತಿಕ ಅಪಘಾತ ವಿಮೆಯೇ ಆಸರೆ. ಆ ಕ್ಲೇಮು ತಿರಸ್ಕೃತವಾದಾಗ ಕೆಲವರು ಕೈಚೆಲ್ಲಿ ಕೂರುತ್ತಾರೆ, ಕೆಲವರು ಕೂಡಲೇ ಮೊಕದ್ದಮೆ ಹೂಡುತ್ತಾರೆ. ಎರಡೂ ವಿವೇಕದ ಮಾರ್ಗವಲ್ಲ.

ಮೊದಲಿಗೆ ತಿರಸ್ಕಾರ ಪತ್ರವನ್ನು ಪಾಲಿಸಿಯ ಷರತ್ತುಗಳೊಡನೆ ಅನುಭವಿ ವಕೀಲರಿಗೆ ತೋರಿಸಿ ಅಭಿಪ್ರಾಯ ಪಡೆಯುವುದು ಲೇಸು. ಪತ್ರದಲ್ಲಿ ಇಲ್ಲದ ಹೊಸ ಕಾರಣವನ್ನು ಕಂಪನಿಯು ಅನಂತರ ಮುಂದಿಡುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ (2019) ತೀರ್ಪಿತ್ತಿದೆ. ಆದ್ದರಿಂದ ಪತ್ರದಲ್ಲಿ ಹೇಳಿದ ಕಾರಣಕ್ಕೇ ಆಸ್ಪತ್ರೆಯ ದಾಖಲೆ ಹಾಗೂ ವೈದ್ಯಕೀಯ ಪ್ರಮಾಣಪತ್ರಗಳ ಮೂಲಕ ಉತ್ತರ ಸಿದ್ಧಪಡಿಸಬೇಕು.

ಮುಂದಿನ ಹೆಜ್ಜೆ, ಕಂಪನಿಗೆ ಲಿಖಿತ ದೂರು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರವು ತೃಪ್ತಿಕರವಲ್ಲದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ರನ್ನು ಸಂಪರ್ಕಿಸಬಹುದು. ಕರ್ನಾಟಕಕ್ಕೆ ಈ ಕಚೇರಿ ಬೆಂಗಳೂರಿನಲ್ಲಿದೆ. 2017ರ ನಿಯಮಗಳ ಪ್ರಕಾರ ವ್ಯಕ್ತಿಗಳಲ್ಲದೆ ಏಕಮಾಲೀಕತ್ವದ ಸಂಸ್ಥೆಗಳೂ ಅತಿಸಣ್ಣ ಉದ್ದಿಮೆಗಳೂ ದೂರು ಸಲ್ಲಿಸಬಹುದು. ಶುಲ್ಕವಿಲ್ಲ. 2023ರ ತಿದ್ದುಪಡಿಯಿಂದ ಪರಿಹಾರದ ಮಿತಿ 50 ಲಕ್ಷ ರೂಪಾಯಿಗೆ ಏರಿದೆ. ಇಲ್ಲಿ ವಕೀಲರು ವಾದಿಸುವಂತಿಲ್ಲ, ದೂರುದಾರರೇ ಹಾಜರಾಗಬೇಕು. ಓಂಬುಡ್ಸ್‌ಮನ್‌ರ ತೀರ್ಪನ್ನು ಕಂಪನಿಯು 30 ದಿನಗಳಲ್ಲಿ ಪಾಲಿಸಬೇಕು.

ವಕೀಲರ ಪೂರ್ಣ ಉಪಯೋಗವಾಗುವುದು ಗ್ರಾಹಕ ಆಯೋಗದಲ್ಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕಾಲಮಿತಿ ಎರಡು ವರ್ಷ. ಆಯೋಗದ ವ್ಯಾಪ್ತಿಯನ್ನು ನಿರ್ಧರಿಸುವುದು ಕೇಳಿದ ಪರಿಹಾರವಲ್ಲ, ಪಾವತಿಸಿದ ಪ್ರೀಮಿಯಂ. ಆದ್ದರಿಂದ ಇಂತಹ ಪ್ರಕರಣಗಳು ಸಾಮಾನ್ಯವಾಗಿ ಜಿಲ್ಲಾ ಆಯೋಗಕ್ಕೇ ಹೋಗುತ್ತವೆ. ಗಾಯದ ಸ್ವರೂಪ, ವೈಕಲ್ಯದ ಪ್ರಮಾಣ ಮುಂತಾದ ವೈದ್ಯಕೀಯ ವಿವಾದಗಳಿದ್ದಾಗ ಸಮರ್ಥ ವಕೀಲರು ಅಗತ್ಯ. ಜಿಲ್ಲಾ ಆಯೋಗದ ಆದೇಶದ ವಿರುದ್ಧ 45 ದಿನಗಳಲ್ಲಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬೇಕು.

ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಆಯೋಗದಲ್ಲಿ ದೂರು ದಾಖಲಾದರೆ ಅದೇ ವಿಷಯಕ್ಕೆ ಓಂಬುಡ್ಸ್‌ಮನ್‌ರ ಬಾಗಿಲು ಮುಚ್ಚುತ್ತದೆ. ಆತುರದಲ್ಲಿ ಮೊಕದ್ದಮೆ ಹೂಡಿದವರು ಖರ್ಚಿಲ್ಲದ ದಾರಿಯನ್ನು ತಾವಾಗಿ ಕಳೆದುಕೊಳ್ಳುತ್ತಾರೆ.

ಕೊನೆಯದಾಗಿ ಶುಲ್ಕದ ಮಾತು. ಬಂದ ಪರಿಹಾರದಲ್ಲಿ ಪಾಲು ಕೇಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಒಟ್ಟು ಶುಲ್ಕವನ್ನು ಮೊದಲೇ ಲಿಖಿತವಾಗಿ ನಿಗದಿಪಡಿಸಿಕೊಂಡು, ಪ್ರತಿ ಪಾವತಿಗೂ ರಸೀದಿ ಪಡೆಯಬೇಕು. ಮೂಲ ದಾಖಲೆಗಳ ಒಂದೊಂದು ಪ್ರತಿ ತಮ್ಮಲ್ಲೇ ಇರಲಿ. ವ್ಯಾಪಾರದ ಲೆಕ್ಕದಲ್ಲಿ ತೋರುವ ಎಚ್ಚರವನ್ನು ಇಲ್ಲಿಯೂ ತೋರಿದರೆ, ನ್ಯಾಯವಾಗಿ ಸಲ್ಲಬೇಕಾದ ಹಣ ಕಾಲಮಿತಿಯ ದೋಷದಿಂದ ಕೈತಪ್ಪದು.