ಕಬ್ಬಿಣದ ಬಿಡಿಭಾಗಗಳಿಗೆ ತುಕ್ಕುನಿರೋಧಕ ತೆಳುಪದರ: ಉಪಯೋಗ ಮತ್ತು ಮಿತಿ

ಬೆಳಗಾವಿಯ ಎರಕದ ಕಾರ್ಖಾನೆಗಳಲ್ಲಾಗಲಿ, ಬೆಂಗಳೂರಿನ ಪೀಣ್ಯದ ಯಂತ್ರಾಗಾರಗಳಲ್ಲಾಗಲಿ, ಮಳೆಗಾಲದಲ್ಲಿ ಸಿದ್ಧ ಸರಕನ್ನು ತುಕ್ಕಿನಿಂದ ಕಾಪಾಡುವುದು ಸುಲಭವಲ್ಲ. ನಿಖರ ಅಳತೆಗೆ ಕಡೆದ ಭಾಗಕ್ಕೆ ಬಣ್ಣ ಬಳಿಯುವಂತಿಲ್ಲ. ಸತುವಿನ ಲೇಪ ಕೊಟ್ಟರೆ ಅಳತೆಯೇ ವ್ಯತ್ಯಾಸವಾದೀತು. ಆದರೆ ಕೆಲವೇ ಕೆಂಪು ಚುಕ್ಕೆಗಳಿಂದ ಇಡೀ ಸರಕು ತಿರಸ್ಕೃತವಾಗಬಹುದು. ಇಂಥಲ್ಲಿ ನೆರವಾಗುವುದು ಸಾವಯವ ರಾಸಾಯನಿಕಗಳ ತೆಳುಪದರ.

ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಎರಡೂ ಬೇಕು. ಗಾಳಿಯ ಸಾಪೇಕ್ಷ ಆರ್ದ್ರತೆಯು ಸುಮಾರು ಶೇ. 60ನ್ನು ಮೀರಿದಾಗ, ಅದರಲ್ಲೂ ಗಾಳಿ ಮಲಿನವಾಗಿದ್ದರೆ, ತುಕ್ಕಿನ ವೇಗ ಹೆಚ್ಚುತ್ತದೆ. ಅಮೈನ್‌ನಂತಹ ಸಾವಯವ ಅಣುವಿನ ಸಾರಜನಕವಿರುವ ತುದಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಜಿಡ್ಡಿನಂತಹ ಇನ್ನೊಂದು ತುದಿ ಹೊರಮುಖವಾಗಿ ನಿಂತು ನೀರನ್ನು ದೂರವಿಡುತ್ತದೆ. ಕೆಲವೇ ಅಣುಗಳಷ್ಟು ದಪ್ಪದ ಈ ಪದರದಿಂದ ಅಳತೆ ಕೆಡುವುದಿಲ್ಲ.

ಇದನ್ನು ಎರಡು ವಿಧದಲ್ಲಿ ಬಳಸಲಾಗುತ್ತದೆ. ಮೊದಲನೆಯದು ಸಲ್ಫೊನೇಟ್ ಮುಂತಾದವು ಬೆರೆತ ತುಕ್ಕುನಿರೋಧಕ ಎಣ್ಣೆ. ಇದರ ಪದರ ತುಸು ದಪ್ಪ. ಎರಡನೆಯದು ವಿ.ಸಿ.ಐ. ಕಾಗದ ಅಥವಾ ಚೀಲ. ಇದರಲ್ಲಿನ ರಾಸಾಯನಿಕವು ನಿಧಾನವಾಗಿ ಆವಿಯಾಗಿ, ಎಣ್ಣೆ ತಲುಪದ ರಂಧ್ರಗಳನ್ನೂ ಸೇರುತ್ತದೆ. ಎಣ್ಣೆ ಒರೆಸುವ ಶ್ರಮ ಗ್ರಾಹಕರಿಗೆ ಇರುವುದಿಲ್ಲ. ಆದರೆ ಚೀಲದ ಬಾಯಿ ತೆರೆದಿದ್ದರೆ ಆವಿ ಹೊರಹೋಗಿ ರಕ್ಷಣೆ ಕುಂದುತ್ತದೆ. ಆದ್ದರಿಂದ ಬಿಗಿಯಾಗಿ ಮುಚ್ಚುವುದು ಅವಶ್ಯ.

ನಷ್ಟಕ್ಕೆ ಹೆಚ್ಚಾಗಿ ಕಾರಣವಾಗುವುದು ಕಾಗದದ ದೋಷವಲ್ಲ, ಅದಕ್ಕೆ ಮೊದಲಿನ ಅಜಾಗ್ರತೆ. ಕೂಲಂಟ್‌ನ ಶೇಷ, ತೇವ ಅಥವಾ ಬರಿಗೈಯ ಬೆವರಿನ ಉಪ್ಪು ಲೋಹದ ಮೇಲೆ ಉಳಿದರೆ ಅಣುಗಳು ಸರಿಯಾಗಿ ಅಂಟಲಾರವು. ತುಕ್ಕು ಪದರದ ಅಡಿಯಲ್ಲೇ ಆರಂಭವಾಗುತ್ತದೆ. ಆದಕಾರಣ ಭಾಗಗಳನ್ನು ತೊಳೆದು, ಪೂರ್ಣವಾಗಿ ಒಣಗಿಸಿ, ಕೈಗವಸು ಧರಿಸಿ ಕಟ್ಟಬೇಕು. ಬಿಸಿಯಾಗಿರುವಾಗಲೇ ಕಟ್ಟಿದರೆ ತಣಿಯುವಾಗ ಚೀಲದೊಳಗೆ ಹನಿ ಕಟ್ಟುವ ಸಂಭವವಿದೆ. ಹಸಿ ಮರದ ಪೆಟ್ಟಿಗೆಯೂ ತೇವವನ್ನು ಬಿಡುತ್ತದೆ.

ಕಬ್ಬಿಣಕ್ಕೆ ಹಿತವಾದ ಕೆಲವು ರಾಸಾಯನಿಕಗಳು ತಾಮ್ರ, ಹಿತ್ತಾಳೆಗಳನ್ನು ಕೆಡಿಸಬಲ್ಲವು. ಹಿತ್ತಾಳೆಯ ಬುಶ್ ಇರುವ ಜೋಡಣೆಗೆ ಎರಡಕ್ಕೂ ಹೊಂದುವ ಕಾಗದವನ್ನೇ ಕೇಳಿ ಪಡೆಯಬೇಕು. ನೈಟ್ರೈಟ್ ಮತ್ತು ಕೆಲವು ಅಮೈನ್‌ಗಳು ಕೂಡಿದರೆ ಹಾನಿಕರ ನೈಟ್ರೋಸಮೈನ್ ಉಂಟಾಗಬಹುದಾದ್ದರಿಂದ ನೈಟ್ರೈಟ್‌ರಹಿತ ಬಗೆ ಲೇಸು.

ದೊಡ್ಡ ಸರಕನ್ನು ಕಳುಹಿಸುವ ಮುನ್ನ ಕೆಲವು ಭಾಗಗಳನ್ನು ಅದೇ ರೀತಿ ಕಟ್ಟಿ, ತೇವದ ಕೋಣೆಯಲ್ಲಿ ಕೆಲವು ವಾರ ಇರಿಸಿ ಪರೀಕ್ಷಿಸುವುದು ಸೂಕ್ತ. ಅದರ ವೆಚ್ಚವು ಹಿಂದಿರುಗಿದ ಸರಕಿನ ನಷ್ಟಕ್ಕಿಂತ ಬಹಳ ಕಡಿಮೆ.